ಏಣಿಯ ಚಡ್ಡಿಯ ಎಡ ಅಂಚು

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಟೇಪಕ್ಕ ಸ್ಟೂಲಿನ ಮೇಲೆ ಕೂತು, ಗೋಡೆಗೆ ತೂಗುಹಾಕಿದ ಗಂಡಸಿನ ಸೊಂಟಕ್ಕೆ ಟೇಪಿನ ಹಿತ್ತಾಳೆ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದಳು.

ಗಂಡಸು ಎಂದರೆ ಚಿತ್ರ. ದಪ್ಪ ಕ್ಯಾನ್ವಾಸ್ ಬಟ್ಟೆಯ ಮೇಲೆ ಮುದ್ರಿಸಿ, ಮೇಲೂ ಕೆಳಗೂ ಮರದ ಪಟ್ಟಿ ಹೊಡೆದದ್ದು. ಮೇಲಿನ ಪಟ್ಟಿ ಅಂಗಡಿಯ ಸೂರಿಗೆ ತಾಗಿದರೆ ಕೆಳಗಿನದು ನೆಲ ಮುಟ್ಟುತ್ತಿತ್ತು. ಚಿತ್ರದಲ್ಲಿದ್ದವನು ಬಾಸ್ಕೆಟ್‌ಬಾಲ್ ಆಟಗಾರ. ಜನ ಅವನನ್ನು ಕರೆಯುವುದು ಏಣಿ ಎಂದು. ಫ್ರೀ ಥ್ರೋ ಗೆರೆಯ ಹಿಂದೆ ಎರಡೂ ಪಾದ ಜೋಡಿಸಿ ನೇರವಾಗಿ ನಿಂತು, ಚೆಂಡನ್ನು ಎದೆಯ ಹತ್ತಿರ ಹಿಡಿದು, ಕಣ್ಣು ಮಾತ್ರ ಮೇಲಕ್ಕೆ ಎತ್ತಿದ್ದ. ಹಿಂದೆ ಕ್ರೀಡಾಂಗಣದ ಗೋಡೆ, ಅದರ ಮೇಲೆ ಅಡ್ಡಕ್ಕೆ ಬಳಿದ ಒಂದು ನೀಲಿ ಪಟ್ಟೆ. ಕೆಳಗೆ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 'ನಿಜ ಅಳತೆ' ಎಂದಿತ್ತು. ಆ ಎರಡು ಪದಗಳನ್ನು ನೋಡಿದ ಮೇಲೆಯೇ ಟೇಪಕ್ಕ ಟೇಪು ಕೈಗೆ ತೆಗೆದುಕೊಂಡದ್ದು.

"ಮುಟ್ಟಬಹುದು ಆಂಟಿ, ಬಣ್ಣ ಹೋಗಲ್ಲ ಅಂದಿದಾನೆ ಪ್ರಿಂಟಿನವನು," ಎಂದಳು ಚಿತ್ರ ತಂದ ಹುಡುಗಿ. ಹುಡುಗಿಯರ ತಂಡದ ಕ್ಯಾಪ್ಟನ್ ಅವಳು. "ಕಚಗುಳಿ ಮಾತ್ರ ಇಡ್ಬೇಡಿ."

"ಇವನ ಸೊಂಟ ನಾನು ನೋಡದೇ ಇರೋದಾ? ನೀನಿನ್ನೂ ಹುಟ್ಟೇ ಇರ್ಲಿಲ್ಲ."

"ನಿಜವಾಗ್ಲೂ ಏಣಿ ಈ ಅಂಗಡಿಗೆ ಬಂದಿದ್ರಾ?"

"ಬಂದಿದ್ದ. ಬಾಗಿಲಿನ ಚೌಕಟ್ಟಿಗೆ ಹಣೆ ಹೊಡ್ಕೊಂಡ. ಆಮೇಲೆ ಬಾಗಿಲನ್ನೇ ಬೈದ."

ಹುಡುಗಿ ಬಾಗಿಲಿನ ಚೌಕಟ್ಟನ್ನು ಒಮ್ಮೆ ಗೌರವದಿಂದ ನೋಡಿದಳು. ಅವಳ ತಂಡಕ್ಕೆ ಹನ್ನೆರಡು ಚಡ್ಡಿ ಬೇಕಿತ್ತು, ಶನಿವಾರದೊಳಗೆ. ಒಂದೇ ಷರತ್ತು: ಚಿತ್ರದಲ್ಲಿರುವಂತೆಯೇ ಎಡಗಾಲಿನ ಅಂಚು ಬಲಗಾಲಿನದಕ್ಕಿಂತ ತುಸು ಕೆಳಗೆ ಬರಬೇಕು.

"ಅದೇ ಏಣಿ ಸ್ಟೈಲು ಆಂಟಿ. ಬಾಲ್ ಹಾಕೋ ಮುಂಚೆ ಎಡಗೈಲಿ ಚಡ್ಡಿ ಕೆಳಗೆ ಎಳೀತಿದ್ರಂತೆ, ಅದೃಷ್ಟಕ್ಕೆ. ಟೀವಿಯಲ್ಲಿ ಹೇಳಿದ್ರು. ಈಗ ಎಲ್ಲ ಟೀಮ್‌ನವರೂ ಹಾಗೇ ಹೊಲಿಸ್ತಾರೆ."

ಟೇಪಕ್ಕ ಟೇಪನ್ನು ಕೆಳಕ್ಕೆ ಇಳಿಬಿಟ್ಟಳು. ಸೊಂಟದ ಪಟ್ಟಿಯಿಂದ ಅಂಚಿನವರೆಗೆ ಎಡಗಡೆ ಅಳೆದಳು, ಬಲಗಡೆ ಅಳೆದಳು, ಮತ್ತೆ ಎರಡನ್ನೂ ಅಳೆದಳು. ಎಡ ಐವತ್ತನಾಲ್ಕು, ಬಲ ಐವತ್ತೆರಡು. ಚಡ್ಡಿಯ ಜೇಬಿನ ಬಾಯಿಯ ಹತ್ತಿರ ಮೂರು ಅಡ್ಡ ಹೊಲಿಗೆ ಕಾಣುತ್ತಿತ್ತು. ಎಲ್ಲರೂ ಎರಡು ಹಾಕುವಲ್ಲಿ ಮೂರು ಹಾಕುವುದು ಅವಳ ಅಪ್ಪನ ಪದ್ಧತಿ; ಅಪ್ಪನಿಂದ ಅದು ಅವಳಿಗೆ ಬಂದಿತ್ತು. ಆ ಚಡ್ಡಿ ಹೊಲಿದವಳು ಅವಳೇ. ಅಂಚು ಹಾಗೆ ಇಳಿದದ್ದು ಏಕೆ ಎಂಬುದು ಟೀವಿಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕನಿಷ್ಠ ಪಕ್ಷ ಹತ್ತು ಗಂಟೆ ನಲವತ್ತು ನಿಮಿಷದಲ್ಲಿ ಹಾಗೆಂದು ಅಂದುಕೊಂಡಿದ್ದಳು.

"ನಾಳೆ ಎಲ್ಲರನ್ನೂ ಕರ್ಕೊಂಡು ಬಾ, ಅಳತೆ ತಗೊಳ್ತೀನಿ," ಎಂದಳು. ಹುಡುಗಿ ಏಣಿಯನ್ನು ಅಲ್ಲೇ ಬಿಟ್ಟು ಹೋದಳು.

ಟೇಪಕ್ಕನಿಗೆ ಈಗ ಐವತ್ತಮೂರು ವರ್ಷ. ಅಪ್ಪನಿಗೆ ಪಾರ್ಶ್ವವಾಯು ಹೊಡೆದಾಗ ಇಪ್ಪತ್ತೊಂದು. ಅಪ್ಪನ ಬಲಗೈ ಉಳಿಯಿತು, ಬಗ್ಗುವ ಶಕ್ತಿ ಹೋಯಿತು, ಕಿವಿಯೂ ಮಂದವಾಯಿತು. ಬಗ್ಗಲಾರದ ದರ್ಜಿ ಪ್ಯಾಂಟಿನ ಅಳತೆ ತೆಗೆಯಲಾರ. ಹೀಗಾಗಿ ಮಗಳು ಬಗ್ಗಿ ಅಳೆಯುವುದು, ಅಪ್ಪ ಮೂಲೆಯ ಕುರ್ಚಿಯಲ್ಲಿ ಕೂತು ಪುಸ್ತಕದಲ್ಲಿ ಬರೆಯುವುದು ಎಂದಾಯಿತು. ಕಿವಿ ಮಂದವಾದ್ದರಿಂದ ಅವಳು ಕೂಗಿಯೇ ಹೇಳಬೇಕು. ಎದುರಿನ ಅಂಗಡಿಯವರಿಗೆಲ್ಲ ಬೀದಿಯ ಗಂಡಸರ ಸೊಂಟದ ಸುತ್ತಳತೆ ಬಾಯಿಪಾಠವಾಯಿತು. "ಏನಪ್ಪಾ, ಹೋದ ವರ್ಷ ಎಂಬತ್ತಾರು ಇದ್ದೆ, ಈಗ ತೊಂಬತ್ತೊಂದಂತೆ? ಮನೆಯಲ್ಲಿ ಚೆನ್ನಾಗಿ ನೋಡ್ಕೋತಿದಾರೆ!" ಎಂದು ರೇಗಿಸುತ್ತಿದ್ದರು. ಟೇಪಕ್ಕ ಎಂಬ ಹೆಸರು ಬಿದ್ದದ್ದು ಆಗಲೇ.

ಅಪ್ಪನ ನಿಯಮ ಒಂದೇ ಸಾಲಿನದು: ಎರಡು ಸಲ ಅಳೆ, ಒಂದು ಸಲ ಕೂಗು, ಒಂದು ಸಲ ಕತ್ತರಿಸು. ಇನ್ನೊಂದು ಪದ್ಧತಿಯೂ ಇತ್ತು. ಅಂಗಡಿಯ ನೆಲದ ತುಂಬ ಯಾವಾಗಲೂ ಬಟ್ಟೆಯ ಚೂರು. ಚೂರಿನ ಮೇಲೆ ನಿಂತವನ ಉದ್ದ ಅಳೆದರೆ ಲೆಕ್ಕ ತಪ್ಪುತ್ತದೆ. ಅದಕ್ಕಾಗಿ ಒಂದು ಮರದ ಮಣೆ. ಅಳತೆಗೆ ಬಂದವರು ಎರಡೂ ಪಾದ ಅದರ ಮೇಲೆ ಇಟ್ಟು ನಿಲ್ಲಬೇಕು. ಹೊಲಿಸುವುದು ಚಡ್ಡಿಯೇ ಆದರೂ ಸೊಂಟದಿಂದ ಮಣೆಯವರೆಗೆ ಟೇಪು ಇಳಿಯಬೇಕು.

ಇಪ್ಪತ್ತಾರು ವರ್ಷದ ಹಿಂದಿನ ಒಂದು ಮಧ್ಯಾಹ್ನ ಹದಿಮೂರು ಜನ ಎತ್ತರದ ಹುಡುಗರು ಬಾಸ್ಕೆಟ್‌ಬಾಲ್ ಚಡ್ಡಿಯ ಅಳತೆಗೆಂದು ಆ ಅಂಗಡಿಯಲ್ಲಿ ತುಂಬಿಕೊಂಡರು. ತಂಡಕ್ಕೆ ಬೇಕಾದದ್ದು ಹನ್ನೆರಡು ಜನ. ಹನ್ನೊಂದು ಹೆಸರು ಖಾತ್ರಿ. ಹನ್ನೆರಡನೆಯದು ಇಬ್ಬರ ನಡುವೆ ತೂಗಾಡುತ್ತಿತ್ತು. ಒಬ್ಬ ಏಣಿ. ಇನ್ನೊಬ್ಬ ಟೇಪಕ್ಕನ ತಮ್ಮ. ಇಬ್ಬರಿಗೂ ಇಪ್ಪತ್ತು ವರ್ಷ, ಇಬ್ಬರೂ ನೂರ ತೊಂಬತ್ತೊಂದು ಸೆಂಟಿಮೀಟರ್, ಇಬ್ಬರೂ ಹತ್ತಕ್ಕೆ ಏಳು ಸಲ ಚೆಂಡು ಬುಟ್ಟಿಗೆ ಹಾಕುವವರು. ಸಂಜೆ ಐದಕ್ಕೆ ಪಟ್ಟಿ ಕಳಿಸಬೇಕಾಗಿದ್ದ ಕೋಚ್ ಪೆನ್ನು ಹಿಡಿದು ಬಾಗಿಲಲ್ಲೇ ನಿಂತಿದ್ದ.

ತಮ್ಮನ ಸರದಿ ಬಂದಾಗ ಅವಳು ಎಡಗಡೆ ಅಳೆದಳು, ಬಲಗಡೆ ಅಳೆದಳು, ಕೂಗಿದಳು. ಎರಡು ಸಂಖ್ಯೆಗಳ ನಡುವೆ ಎರಡು ಸೆಂಟಿಮೀಟರ್ ವ್ಯತ್ಯಾಸ. ಹುಡುಗರು ನಕ್ಕರು. ಕೋಚ್ ನಗಲಿಲ್ಲ. ಅಪ್ಪನ ಹತ್ತಿರ ಹೋಗಿ, ಪುಸ್ತಕ ನೋಡಿ, "ಇದು ಸರಿನಾ?" ಎಂದು ಕೇಳಿದ.

"ನನ್ನ ಮಗಳ ಟೇಪು ಸುಳ್ಳು ಹೇಳಲ್ಲ," ಎಂದ ಅಪ್ಪ, ಹೆಮ್ಮೆಯಿಂದ.

"ಒಂದು ಕಾಲು ಚಿಕ್ಕದಿದ್ರೆ ಮೊಣಕಾಲು ಎರಡೇ ವರ್ಷಕ್ಕೆ ಹೋಗುತ್ತೆ," ಎಂದು ಕೋಚ್ ತನಗೆ ತಾನೇ ಹೇಳಿಕೊಂಡ. ಅಷ್ಟೇ ಆದದ್ದು.

ತಮ್ಮ ಮಾತ್ರ ಆ ಸಂಜೆ ಅಕ್ಕನ ಬೆನ್ನುಬಿದ್ದು, "ಮೊದಲು ನಂದು ಕತ್ತರಿಸು, ನಂದೇ ಮೊದಲು" ಎಂದು ತನ್ನ ಚಡ್ಡಿಯ ಬಟ್ಟೆ ಕತ್ತರಿಸುವಂತೆ ಮಾಡಿದ. ಎಡಗಾಲು ಉದ್ದವಿದ್ದರೆ ಎಡ ಸೊಂಟ ಮೇಲೇರುತ್ತದೆ, ಅಂಚೂ ಮೇಲೇರುತ್ತದೆ. ನೋಡುವವರ ಕಣ್ಣಿಗೆ ಸಮ ಕಾಣಲಿ ಎಂದು ಅವಳು ಎಡಭಾಗವನ್ನು ಎರಡು ಸೆಂಟಿಮೀಟರ್ ಉದ್ದವಿಟ್ಟಳು. ಬೆಳಿಗ್ಗೆ ಬೋರ್ಡಿನ ಮೇಲೆ ಹನ್ನೆರಡು ಹೆಸರು ಬಂತು. ಹನ್ನೆರಡನೆಯದು ಏಣಿಯದು. ಕೊಟ್ಟಿದ್ದ ಬಟ್ಟೆ ಹನ್ನೆರಡಕ್ಕೆ ಮಾತ್ರ ಸಾಕಾಗುವಷ್ಟು. ಕತ್ತರಿಸಿದ ಬಟ್ಟೆ ಏಣಿಯ ಮೈಗೆ ಹೋಯಿತು. ಆ ವರ್ಷವೇ ಅವನು ಕೊನೆಯ ಆಟದಲ್ಲಿ ಒಂದರ ಮೇಲೊಂದು ಹನ್ನೊಂದು ಫ್ರೀ ಥ್ರೋ ಹಾಕಿದ, ಯಾರೋ ಈ ಫೋಟೋ ತೆಗೆದರು, ಅಲ್ಲಿಂದ ಮುಂದೆ ಅವನು ಅಂಗಡಿ ಅಂಗಡಿಯಲ್ಲಿ ಮಾರಾಟವಾಗುವ ಚಿತ್ರವಾದ.

ತಮ್ಮ ಬ್ರೆಡ್ ಸಾಗಿಸುವ ವ್ಯಾನಿನ ಡ್ರೈವರ್ ಆದ. ಅಕ್ಕನನ್ನು ಒಂದು ದಿನವೂ ದೂರಲಿಲ್ಲ. "ಯಾರ ತಪ್ಪೂ ಅಲ್ಲ, ಮೂಳೆ ತಪ್ಪು," ಎನ್ನುತ್ತಿದ್ದ. ಬ್ರೆಡ್ ಇಳಿಸುವ ಪ್ರತಿ ಅಂಗಡಿಯಲ್ಲೂ ಏಣಿಯ ಚಿತ್ರ ಕಂಡರೆ ಬೆರಳು ತೋರಿಸಿ, "ಎರಡು ಸೆಂಟಿಮೀಟರ್ ಸ್ವಾಮಿ, ಎರಡೇ ಎರಡು. ಇಲ್ಲದಿದ್ರೆ ಅಲ್ಲಿ ನಾನಿರ್ತಿದ್ದೆ," ಎಂದು ನಗಿಸುತ್ತಿದ್ದ. ಆ ಒಂದು ಮಾತಿನ ಮೇಲೆ ಅವನು ಬದುಕನ್ನೇ ಒರಗಿಸಿ ನಿಲ್ಲಿಸಿದ್ದ. ಬಲಗಾಲಿನ ಶೂ ಒಳಗೆ ಹಿಮ್ಮಡಿಯ ಕೆಳಗೆ ಎರಡು ಸೆಂಟಿಮೀಟರ್ ದಪ್ಪದ ರಬ್ಬರ್ ತುಂಡು. ಆರು ತಿಂಗಳಿಗೊಮ್ಮೆ ಅದು ಅಮುಕಿ ತೆಳುವಾಗುತ್ತಿತ್ತು. ಟೇಪಕ್ಕ ಹೊಸದು ಕತ್ತರಿಸಿ ಕೊಡುತ್ತಿದ್ದಳು. ಇಪ್ಪತ್ತಾರು ವರ್ಷಕ್ಕೆ ಐವತ್ತೆರಡು ತುಂಡು. ಈಗ ಎರಡು ವರ್ಷದಿಂದ ಅವನಿಗೆ ಸೊಂಟದ ಕೀಲು ನೋವು. ವ್ಯಾನಿನಿಂದ ಇಳಿಯುವಾಗ ಬಾಗಿಲು ಹಿಡಿದು ಐದು ಎಣಿಸಿ ಆಮೇಲೆ ಹೆಜ್ಜೆ ಇಡುತ್ತಿದ್ದ. ಡಾಕ್ಟರ ಹತ್ತಿರ ಹೋಗು ಎಂದರೆ, "ಗೊತ್ತಿರೋದನ್ನೇ ದುಡ್ಡು ತಗೊಂಡು ಹೇಳ್ತಾನೆ," ಎನ್ನುವನು.

ಅಂದು ಹನ್ನೊಂದೂಕಾಲಿಗೆ ಐವತ್ತಮೂರನೆಯ ತುಂಡಿಗಾಗಿ ಬಂದವನು ಬಾಗಿಲಲ್ಲೇ ನಿಂತುಬಿಟ್ಟ.

"ಅಯ್ಯೋ! ಅಳಿಯ ಬಂದಿದಾನೆ, ಒಂದು ಮಾತು ಹೇಳೋದಲ್ವಾ ಅಕ್ಕ?"

"ಹುಡುಗೀರ ಟೀಮಿನವರು ಬಿಟ್ಟು ಹೋಗಿದಾರೆ. ಮಾದರಿಗೆ."

"ನಿಜ ಅಳತೆಯಂತೆ!" ಅವನು ಬಗ್ಗಿ ಓದಿದ. ಆಮೇಲೆ ಸ್ಟೂಲಿನ ಮೇಲೆ ಕೂತು ಶೂ ಬಿಚ್ಚಿದ, ಕಾಲುಚೀಲ ಬಿಚ್ಚಿದ. ಚಿತ್ರದ ಪಕ್ಕದ ಚೂರುಗಳನ್ನು ಕಾಲಿನಿಂದ ಸರಿಸಿ, ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು, ಹಿಮ್ಮಡಿ ಒತ್ತಿ ನಿಂತ. "ನೋಡು, ಈಗ್ಲೂ ಒಂದೇ ಎತ್ತರ. ಹೊಟ್ಟೆ ಒಂದು ಬಿಟ್ರೆ ಎಲ್ಲ ಸೇಮ್."

ಟೇಪಕ್ಕ ನಗುತ್ತಾ ನೋಡಿದಳು. ನಗು ಹಾಗೇ ನಿಂತಿತು.

ಮೂವತ್ತೆರಡು ವರ್ಷದ ಕಣ್ಣಳತೆ ಅದು, ಬೇಡವೆಂದರೂ ಅಳೆಯುತ್ತದೆ. ಚಿತ್ರದ ಗೋಡೆಯ ನೀಲಿ ಪಟ್ಟೆ ತಮ್ಮನ ಸೊಂಟದ ಮಟ್ಟಕ್ಕೇ ಬಂದಿತ್ತು. ಅವನ ಬೆಲ್ಟು ಆ ಪಟ್ಟೆಯ ಜೊತೆ ಒಂದೇ ಗೆರೆಯಲ್ಲಿತ್ತು. ಬಲಗಾಲು ಎರಡು ಸೆಂಟಿಮೀಟರ್ ಚಿಕ್ಕದಾದವನು ರಬ್ಬರ್ ತುಂಡಿಲ್ಲದೆ ಬರಿಗಾಲಲ್ಲಿ ನಿಂತರೆ ಬೆಲ್ಟು ಬಲಕ್ಕೆ ಇಳಿಯಬೇಕು. ಇಳಿದಿರಲಿಲ್ಲ. ಶೂ ಹಾಕಿದಾಗ ಅವನ ಬೆಲ್ಟು ವಾಲುತ್ತಿತ್ತು ನಿಜ. ಕಾಲು ಚಿಕ್ಕದಾದವನ ಬೆಲ್ಟು ವಾಲದೆ ಇನ್ನೇನು ಎಂದು ಇಬ್ಬರೂ ಅಂದುಕೊಂಡಿದ್ದರು. ಯಾವ ಕಡೆಗೆ ವಾಲುತ್ತದೆ ಎಂದು ಇಷ್ಟು ವರ್ಷದಲ್ಲಿ ಒಬ್ಬರೂ ನೋಡಿರಲಿಲ್ಲ. ವಾಲುತ್ತಿದ್ದದ್ದು ಎಡಕ್ಕೆ.

"ಮಣೆ ಮೇಲೆ ನಿಂತ್ಕೋ," ಎಂದಳು.

"ಯಾಕೆ? ನನಗೂ ಏಣಿ ಸ್ಟೈಲ್ ಚಡ್ಡಿನಾ?"

"ನಿಂತ್ಕೋ ಅಂದೆ."

ಅವನು ಮಣೆ ಹತ್ತಿದ. ಪಾದಗಳನ್ನು ನೋಡಿಕೊಂಡು ನಕ್ಕ. "ಅವತ್ತು ಈ ಮಣೆ ಮೇಲೆ ಎರಡೂ ಕಾಲು ಇಡೋಕೆ ಈ ಏಣಿ ನನ್ಮಗ ಬಿಟ್ಟಿರ್ಲಿಲ್ಲ. ಪಕ್ಕದಲ್ಲಿ ನಿಂತು ತಳ್ತಾನೇ ಇದ್ದ. ಬಲಗಾಲು ಮೇಲೆ, ಎಡಗಾಲು ಚೂರಿನ ರಾಶಿ ಒಳಗೆ. ನೀನು ರಾಶಿಗೆ ಕೈ ತೂರಿಸಿ ನೆಲ ಹುಡುಕ್ತಿದ್ದೆ, ಜ್ಞಾಪಕ ಇದೆಯಾ?"

ಜ್ಞಾಪಕವಿರಲಿಲ್ಲ. ಆದರೆ ಅವನು ಹೇಳಿದ್ದೇ ತಡ, ಕೈಗೆ ನೆನಪಾಯಿತು: ಮೊಣಕೈವರೆಗೂ ತಣ್ಣನೆಯ ಚೂರು, ಬೆರಳಿಗೆ ಸಿಕ್ಕ ಸಿಮೆಂಟು. ಎಡಗಡೆ ಟೇಪು ನೆಲದವರೆಗೆ ಇಳಿದಿತ್ತು. ಬಲಗಡೆ ಮಣೆಯವರೆಗೆ ಮಾತ್ರ. ಒಂದು ಕಾಲು ಮೇಲಿಟ್ಟವನ ಮೊಣಕಾಲು ತಾನಾಗಿಯೇ ತುಸು ಮಡಚಿಕೊಂಡು ಸೊಂಟ ಸಮವಾಗಿ ನಿಲ್ಲುತ್ತದೆ. ಮೇಲಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಬೇರೆ ಯಾರೇ ಆಗಿದ್ದರೂ "ಸರಿಯಾಗಿ ನಿಲ್ಲಪ್ಪ" ಎಂದು ಗದರಿ, ಎರಡನೆಯ ಸಲ ಅಳೆಯುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ ಮನೆಯವನ ಅಳತೆಗೆ ಎರಡನೆಯ ಸಲವಿಲ್ಲ.

ಈಗ ಅಳೆದಳು. ಎಡ, ಬಲ. ಮತ್ತೊಮ್ಮೆ ಎಡ, ಬಲ. ಕೂಗಲಿಲ್ಲ.

ಅಪ್ಪ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಆಮೇಲೂ ಅವಳು ಖಾಲಿ ಕುರ್ಚಿಯ ಕಡೆಗೆ ಕೂಗಿ, ಎದ್ದು ಹೋಗಿ ತಾನೇ ಬರೆದುಕೊಳ್ಳುತ್ತಿದ್ದಳು. ಬೀದಿಯವರು ಅದಕ್ಕೂ ನಗುತ್ತಿದ್ದರು. ಇವತ್ತು ಅವಳು ಮೌನವಾಗಿ ಮಂಡಿಯೂರಿ ಕೂತದ್ದು ನೋಡಿ ತಮ್ಮ ಬಗ್ಗಿ ಮುಖ ನೋಡಿದ.

"ಯಾಕೆ, ಗಂಟಲು ಕೆಟ್ಟಿದೆಯಾ? ಹೇಳು, ನಾನೇ ಬರ್ಕೋತೀನಿ."

"ಇಳಿ," ಎಂದಳು. ಅವನು ಇಳಿದ ಮೇಲೆ ಮಣೆಯನ್ನು ಪಕ್ಕಕ್ಕೆ ಎತ್ತಿ ನಿಲ್ಲಿಸಿ, ಅದರ ದಪ್ಪಕ್ಕೆ ಟೇಪು ಹಿಡಿದಳು. ಎರಡು ಸೆಂಟಿಮೀಟರ್. ಕೂದಲೆಳೆಯಷ್ಟೂ ಹೆಚ್ಚು ಕಮ್ಮಿ ಇಲ್ಲ.

ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೂಳೆಯ ತಪ್ಪು ಮೂಳೆಯ ಮೇಲೆಯೇ ಇರುತ್ತಿತ್ತು, ತಮ್ಮ ಅದೇ ಮಾತು ಹೇಳಿ ಜನರನ್ನು ನಗಿಸಿಕೊಂಡಿರುತ್ತಿದ್ದ. ಆದರೆ ಕತ್ತರಿಸುವ ಮೇಜಿನ ಮೇಲೆ ಐವತ್ತಮೂರನೆಯ ರಬ್ಬರ್ ತುಂಡು ಸೀಮೆಸುಣ್ಣದ ಗುರುತು ಹಾಕಿಸಿಕೊಂಡು ಕಾಯುತ್ತಿತ್ತು. ಅದನ್ನು ಕತ್ತರಿಸಿ ಕೊಡುವುದು ಎಂದರೆ, ಗೊತ್ತಿದ್ದೂ ಅವನ ಸೊಂಟದ ಕೀಲನ್ನು ಇನ್ನೂ ಆರು ತಿಂಗಳು ಸವೆಸುವುದು.

"ನಿನ್ನ ಕಾಲು ಸರಿಯಾಗಿದೆ," ಎಂದಳು.

"ಅಂದ್ರೆ?"

"ಎರಡೂ ಒಂದೇ. ಅವತ್ತೂ ಒಂದೇ ಇತ್ತು. ಮಣೆ ದಪ್ಪ ನಿನ್ನ ಕಾಲಿಗೆ ಬರೆಸಿಬಿಟ್ಟೆ."

ಅವನು ಮೊದಲು ನಕ್ಕ. ಆಮೇಲೆ ಅವಳ ಕೈಯಲ್ಲಿದ್ದ ಮಣೆ ನೋಡಿದ. ಮಣೆಯಿಂದ ಗೋಡೆಯ ಕಡೆಗೆ, ಗೋಡೆಯಿಂದ ತನ್ನ ಬರಿಗಾಲಿನ ಕಡೆಗೆ ಅವನ ಕಣ್ಣು ಇಳಿದು ಬರುವುದನ್ನು ಅವಳು ನೋಡುತ್ತಾ ಕೂತಳು. ಹೊರಗೆ ಯಾರೋ ಸೈಕಲ್ ಬೆಲ್ ಹೊಡೆಯುತ್ತಾ ಹೋದರು.

"ಎರಡು ಸಲ ಅಳೀಲಿಲ್ವಾ?"

"ಇಲ್ಲ."

"ಎಲ್ಲರಿಗೂ ಎರಡು ಸಲ ಅಳೀತಿದ್ದೆ."

"ನೀನು ಮನೆಯವನಲ್ವಾ," ಎಂದಳು. ಹೇಳಿದ ಮೇಲೆ ಆ ಮಾತು ಅವಳಿಗೇ ಕೇಳಲಾಗಲಿಲ್ಲ. "ದೊಡ್ಡ ತಪ್ಪಾಯ್ತು ಕಣೋ. ಹೊಟ್ಟೆಗೆ ಹಾಕ್ಕೋ."

"ಹೊಟ್ಟೆಗೆ ಹಾಕ್ಕೋಬಹುದು ಅಕ್ಕ. ಕಾಲಿಗೆ ಏನು ಹಾಕ್ಕೊಳ್ಲಿ?"

ಅವನು ದನಿ ಎತ್ತಿರಲಿಲ್ಲ. ಎತ್ತಿದ್ದರೆ ಅವಳಿಗೆ ಅಳುವುದಾದರೂ ಸಾಧ್ಯವಾಗುತ್ತಿತ್ತು. ಅವನು ಸ್ಟೂಲಿನ ಮೇಲೆ ಕೂತು ಬಲ ಶೂನಿಂದ ಹಳೆಯ ರಬ್ಬರ್ ತುಂಡನ್ನು ಕಿತ್ತು ಮೇಜಿನ ಮೇಲಿಟ್ಟ. ಹಿಮ್ಮಡಿಯ ಆಕಾರದಲ್ಲಿ ತಗ್ಗಾಗಿ, ಬೆವರಿಗೆ ಕಪ್ಪಾಗಿತ್ತು. ಶೂ ಹಾಕಿಕೊಂಡು ಎದ್ದ. ಬಾಗಿಲವರೆಗೆ ನಡೆದ. ಇಲ್ಲದ ಮೆಟ್ಟಿಲಿಗೆ ಕಾಲಿಟ್ಟವನ ಹಾಗೆ ಪ್ರತಿ ಬಲ ಹೆಜ್ಜೆಗೂ ಕುಸಿಯುತ್ತಿದ್ದ. ಸಮವಾದ ಎರಡು ಕಾಲಿನ ಮೇಲೆ ಅವನು ಕುಂಟುತ್ತಿದ್ದ. ಬಾಗಿಲಿನಿಂದ ತಿರುಗಿ ಬಂದ, ತುಂಡನ್ನು ಎತ್ತಿಕೊಂಡ, ಮತ್ತೆ ಶೂ ಒಳಗೆ ತುರುಕಿದ.

"ಇನ್ನೂ ಆರು ಅಂಗಡಿ ಇದೆ," ಎಂದ. "ಇದಿಲ್ಲದೆ ಬ್ರೇಕ್ ಕಾಲಿಗೆ ಸಿಗಲ್ಲ."

"ನಾಳೆಯಿಂದ ಅರ್ಧ ಸೆಂಟಿಮೀಟರ್ ಅರ್ಧ ಸೆಂಟಿಮೀಟರ್ ಕಮ್ಮಿ ಮಾಡ್ತಾ ಬರೋಣ. ಡಾಕ್ಟರ ಹತ್ರ ನಾನೂ ಬರ್ತೀನಿ."

"ಬಾ." ಅವನು ಚಿತ್ರದ ಮುಂದೆ ನಿಂತ. "ಈ ಹುಡುಗೀರಿಗೆ ಚಡ್ಡಿ ಹೀಗೇ ಬೇಕಂತಾ?"

"ಹ್ಞೂಂ. ಎಡಗಡೆ ಉದ್ದ."

"ಇಷ್ಟು ದಿನ ಅದು ನನ್ನ ಕಾಲು ಅಂದ್ಕೊಂಡಿದ್ದೆ. ಅಷ್ಟಾದ್ರೂ ಗೋಡೆ ಮೇಲೆ ಇದೀನಿ ಅಂತ." ಅವನು ಇಳಿದ ಅಂಚಿನ ಮೇಲೆ ಒಂದು ಬೆರಳು ಎಳೆದ. "ಅಲ್ಲಿರೋದು ನಮ್ಮ ಮಣೆ."

ಹೊರಡುವಾಗ ಒಂದು ಮಾತು ಹೇಳಿದ: "ಯಾರಿಗೂ ಹೇಳ್ಬೇಡ. ಇಷ್ಟು ವರ್ಷ ಎಲ್ಲರಿಗೂ ನಾನೇ ಹೇಳ್ಕೊಂಡು ಬಂದಿದೀನಿ." ವ್ಯಾನ್ ಶುರುವಾಗಲು ಎಂದಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಅವಳು ಎಣಿಸಲಿಲ್ಲ.

ಮರುದಿನ ಹನ್ನೆರಡು ಹುಡುಗಿಯರು ಬಂದರು. ಟೇಪಕ್ಕ ಅಂಗಡಿಯ ನೆಲವನ್ನು ಸಿಮೆಂಟು ಕಾಣುವಂತೆ ಗುಡಿಸಿದ್ದಳು. ಒಬ್ಬೊಬ್ಬಳನ್ನೂ ಮಣೆಯ ಮೇಲೆ ನಿಲ್ಲಿಸಿ, ಎರಡೂ ಪಾದ ತಾನೇ ಕೈಯಿಂದ ಸರಿಮಾಡಿ, ಎರಡೆರಡು ಸಲ ಅಳೆದು, ಎದ್ದು ಹೋಗಿ ಬರೆದುಕೊಂಡಳು.

"ಆಂಟಿ, ನೀವು ಅಳತೆ ಕೂಗಿ ಹೇಳ್ತೀರಂತಲ್ಲ?" ಎಂದಳು ಕ್ಯಾಪ್ಟನ್. "ನಮ್ಮಮ್ಮ ಹೇಳಿದ್ರು. ಕೇಳೋಣ ಅಂತಾನೇ ಎಲ್ಲರೂ ಬಂದಿದೀವಿ."

"ಈಗ ಕೂಗಲ್ಲ," ಎಂದಳು ಟೇಪಕ್ಕ.

ಹುಡುಗಿಯರು ಹೋದ ಮೇಲೆ ಅವಳು ಹಳೆಯ ಪುಸ್ತಕಗಳ ಕಟ್ಟು ಬಿಚ್ಚಿ ಆ ವರ್ಷದ್ದನ್ನು ಹುಡುಕಿದಳು. ತಮ್ಮನ ಹೆಸರಿನ ಮುಂದೆ ಅಪ್ಪನ ಪೆನ್ಸಿಲಿನ ಅಕ್ಷರ ಇನ್ನೂ ಸ್ಪಷ್ಟವಾಗಿತ್ತು. ಅಪ್ಪನಿಗೆ ಸಂಖ್ಯೆ ತಪ್ಪಾಗಿ ಕೇಳಿರಲಿಲ್ಲ; ಕೂಗಿದ್ದನ್ನೇ ಬರೆದಿದ್ದ. ತಿದ್ದಲು ಪೆನ್ಸಿಲು ಎತ್ತಿಕೊಂಡಳು, ಇಳಿಸಿದಳು. ಆ ಮಧ್ಯಾಹ್ನದ ಅಂಗಡಿ ಕಣ್ಣಮುಂದೆ ಬಂತು: ಬಾಗಿಲಲ್ಲಿ ಪಟ್ಟಿ ಹಿಡಿದ ಕೋಚ್, ಪಕ್ಕದವನನ್ನು ತಳ್ಳುತ್ತಾ ನಗುತ್ತಿರುವ ತಮ್ಮ, ಮೂಲೆಯ ಕುರ್ಚಿಯಲ್ಲಿ ಕಿವಿಗೆ ಕೈ ಆನಿಸಿ ಕಾಯುತ್ತಿರುವ ಅಪ್ಪ. ಚೂರಿನ ರಾಶಿಯಿಂದ ಕೈ ತೆಗೆದು, ತಲೆ ಎತ್ತಿ, ಬೀದಿಯ ಆಚೆಯವರಿಗೂ ಕೇಳುವ ಹಾಗೆ ಅವಳು ಕೂಗಿದ್ದಳು:

"ಎಡ ನೂರ ಹದಿನಾಲ್ಕು, ಬಲ ನೂರ ಹನ್ನೆರಡು!"